ಬಿಳಿ ಬಟ್ಟೆ ಕಟ್ಟಿದ ಮರ

ನಮ್ಮ ಪದವಿನ ಬಯಲನ್ನು ಮೊದಲ ಸಲ ನೋಡಿದವರು "ಇಲ್ಲಿ ಕಾಪಾಡ್ಲಿಕ್ಕೆ ಎಂತ ಉಂಟು?" ಎಂದು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಜಪೆ ಬಸ್ಸು ಏರು ಹತ್ತಿ ಏದುಸಿರು ಬಿಡುವಲ್ಲಿ ಇಳಿದು ಎಡಕ್ಕೆ ತಿರುಗಿದರೆ ಸಿಗುವ ಮುರಕಲ್ಲಿನ ಬಯಲು ಅದು, ಅಂಥದ್ದಕ್ಕೆ ನಮ್ಮ ಕಡೆ ಪದವು ಎನ್ನುತ್ತಾರೆ. ಯಾರೊಬ್ಬರ ಹೆಸರಿನ ಜಾಗವೂ ಅಲ್ಲ, ಸುತ್ತಲಿನ ಮನೆಯವರೆಲ್ಲರಿಗೂ ಸೇರಿದ್ದು. ಬೇಸಿಗೆಯಲ್ಲಿ ಬಂದರೆ ಕಾದ ಕಾವಲಿ, ಒಪ್ಪುತ್ತೇನೆ. ಮಳೆ ಹಿಡಿದ ಮೇಲೆ ಬಂದು ನೋಡಬೇಕು. ಮೊಣಕಾಲೆತ್ತರದ ಹುಲ್ಲು, ನಡುವಿನ ಮದಕದಲ್ಲಿ ತುಂಬಿ ನಿಂತ ಮಳೆನೀರು, ಕಲ್ಲಿನ ಸಂದಿಗಳಲ್ಲೆಲ್ಲ ನೀಲಿ ಹೂ. ಕಪ್ಪೆಗಳ ಗಲಾಟೆಗೆ ನನ್ನ ರೇಡಿಯೋದ ವಾರ್ತೆ ಕೇಳಿಸುತ್ತಿರಲಿಲ್ಲ. ಮೊಲ ಇತ್ತು, ಉಡ ಇತ್ತು, ಮುಸ್ಸಂಜೆಗೆ ನರಿ ಕೂಗುತ್ತಿತ್ತು. ಪೇಟೆ ಇಷ್ಟು ಹತ್ತಿರ ಬಂದಮೇಲೂ ಇವೆಲ್ಲ ಉಳಿದದ್ದೇ ದೊಡ್ಡದು.

ನಾನು ಮಗ್ದಲೀನ್, ಅಲ್ಲಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ನನ್ನ ಹಿತ್ತಿಲ ಬೇಲಿ ಮುಗಿಯುವಲ್ಲಿ ಪದವು ಶುರುವಾಗುತ್ತದೆ. ಮಕ್ಕಳನ್ನು ಗದರಿಸಿ ಗದರಿಸಿ ದೊಡ್ಡವರನ್ನೂ ಗದರಿಸುವ ಅಭ್ಯಾಸ ನನಗೆ ಅಂಟಿಕೊಂಡಿದೆ. ಈ ಕತೆ ಹೇಳುವಾಗಲೂ ಅದು ಬಿಡುವುದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಯಾರೋ ಕಂತ್ರಾಟುದಾರ ಲಾರಿ ತಂದು ಪದವಿನಲ್ಲಿ ಮುರಕಲ್ಲು ಕಡಿಯಲು ಹೊರಟ. ನಾವೆಲ್ಲ ಹೋಗಿ ಲಾರಿಯ ಎದುರು ನಿಂತೆವು. ಆ ದಿನ ಹುಟ್ಟಿದ್ದು ಪದವು ಸಮಿತಿ. ಪೇಟೆಯಲ್ಲಿ ಹೋಟೆಲು ಇದ್ದ ಗುಣಪಾಲ ಶೆಟ್ಟರು ಅಧ್ಯಕ್ಷರಾದರು. ಸುರತ್ಕಲ್ ಬಸ್ಸಿನ ಕಂಡಕ್ಟರ್ ಮೋಹನದಾಸ, ಒಂದು ಕಾಲದ ನನ್ನ ವಿದ್ಯಾರ್ಥಿ, ಕಾರ್ಯದರ್ಶಿಯಾದ. ಇವರ ಮೀಟಿಂಗಿನಲ್ಲಿ ಅರ್ಧ ಹೊತ್ತು ಚಾ ಮತ್ತು ಬನ್ಸಿಗೇ ಹೋಗುತ್ತಿತ್ತು. ಆದರೂ ಕೆಲಸ ಮಾಡಿದರು, ಇಲ್ಲವೆನ್ನಲಾರೆ. ಗಾಂಧಿ ಜಯಂತಿಗೆ ಶ್ರಮದಾನ ಮಾಡಿ ಮದಕದ ಹೂಳೆತ್ತಿದರು. ಗ್ಯಾಸ್‌ಲೈಟು ಹಿಡಿದು ಕಪ್ಪೆ ಹಿಡಿಯಲು ಬರುವವರನ್ನು ಅಟ್ಟಿದರು. ಟಿಟ್ಟಿಭ ಹಕ್ಕಿ ನೆಲದ ಮೇಲೆ ಮೊಟ್ಟೆಯಿಟ್ಟಾಗ ಸುತ್ತ ಕಲ್ಲು ಜೋಡಿಸಿ, ತಮ್ಮ ವಾಲಿಬಾಲ್ ನೆಟ್ಟನ್ನೇ ಆಚೆಗೆ ಸರಿಸಿದರು. ಹುಡುಗರು ಚೆಂಡಾಟ ಬಿಟ್ಟುಕೊಡುವುದು ಸಣ್ಣ ಸಂಗತಿಯಲ್ಲ.

ಪದವಿನ ಪಶ್ಚಿಮದ ಅಂಚಿನಲ್ಲಿ, ಇಳಿಜಾರು ಶುರುವಾಗುವಲ್ಲಿ, ಒಂದು ದೊಡ್ಡ ಹಾಲೆ ಮರವಿತ್ತು. ಹಿಂದೆ ಯಾವಾಗಲೋ ಕೊಂಬೆ ಮುರಿದು ಅದರ ಮೇಲ್ಭಾಗದಲ್ಲಿ ಒಂದು ಪೊಟರೆಯಾಗಿತ್ತು. ಆ ಪೊಟರೆಗೆ ಪ್ರತಿ ಬೇಸಿಗೆಯಲ್ಲಿ ಒಂದು ಜೋಡಿ ಮಂಗಟ್ಟೆ ಹಕ್ಕಿ ಬರುತ್ತಿತ್ತು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುವುದು, ಕೊಕ್ಕು ತೂರುವಷ್ಟೇ ಸಂದು ಬಿಡುವುದು, ಮರಿಗಳು ಬಲಿಯುವವರೆಗೆ ಗಂಡು ಹಣ್ಣು ತಂದು ತಂದು ಆ ಸಂದಿಯಲ್ಲಿ ತುರುಕುವುದು. ಇದನ್ನು ನೋಡುವುದೆಂದರೆ ಮೋಹನದಾಸನಿಗೆ ಹುಚ್ಚು. ಡ್ಯೂಟಿ ಮುಗಿಸಿ ಬಂದವನು ಖಾಕಿ ಅಂಗಿಯಲ್ಲೇ ಮುರಕಲ್ಲಿನ ಮೇಲೆ ಕೂತು ಕತ್ತೆತ್ತಿರುತ್ತಿದ್ದ. "ಮನೆಯಲ್ಲಿ ಹೆಂಡತಿ ಇದ್ದಾಳೆ ಮಾರಾಯ, ಅವಳಿಗೂ ಏನಾದರೂ ತಂದುಕೊಡು" ಎಂದು ನಾನು ಚುಡಾಯಿಸಿದರೆ ನಾಚಿಕೊಂಡು ನಗುತ್ತಿದ್ದ.

ಆ ಮರಕ್ಕೆ ಬಂದ ಕಷ್ಟ ಕಂತ್ರಾಟುದಾರನಿಂದ ಬಂದದ್ದಲ್ಲ. ನಮ್ಮ ಭಕ್ತಿಯಿಂದಲೇ ಬಂದದ್ದು. ಮಳೆಗಾಲದ ನಡುವೆ ಬರುವ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹಾಲೆಯ ತೊಗಟೆಯ ಕಷಾಯ ಕುಡಿಯಬೇಕು, ವರ್ಷವಿಡೀ ರೋಗ ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಿಂದೂಗಳು ಮಾತ್ರವಲ್ಲ, ಕ್ರಿಶ್ಚಿಯನ್ನರಾದ ನಮ್ಮ ಮನೆಯಲ್ಲೂ ಕುಡಿಯುತ್ತಿದ್ದರು. ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲೇ ತರಬೇಕು. ಕಬ್ಬಿಣ ಮುಟ್ಟಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ತರುವವರು ಮೈಮೇಲೆ ನೂಲಿಲ್ಲದೆ ಹೋಗಬೇಕೆಂದೂ ಕ್ರಮವಿತ್ತು. ಮೊದಲಿಗೆ ಎಲ್ಲರ ಪರವಾಗಿ ಒಬ್ಬರೇ ಹೋಗಿ ತರುತ್ತಿದ್ದರು. ಪೇಟೆ ಬೆಳೆದು ಹಾಲೆ ಮರಗಳು ಒಂದೊಂದಾಗಿ ಉರುಳಿದಂತೆ, ದೂರದೂರದವರೂ ನಮ್ಮ ಮರ ಹುಡುಕಿಕೊಂಡು ಬರತೊಡಗಿದರು. ಹಿಂದಿನ ಸಂಜೆ ಬಂದು ಗುರುತಿಗೆ ಬಟ್ಟೆಯೋ ಹಗ್ಗವೋ ಕಟ್ಟಿ ಹೋಗುವುದು, ಕತ್ತಲಲ್ಲಿ ಕತ್ತಿ ತಂದು ಆಳುದ್ದ ಸುಲಿಯುವುದು. ಎಂಬತ್ತೊಂದರ ಆಟಿ ಕಳೆದಾಗ ಮರದ ಬುಡ ಮೂರು ಬದಿ ಬೋಳಾಗಿತ್ತು. ಮುಂದಿನ ಬೇಸಿಗೆಯಲ್ಲಿ ಒಂದು ಕೊಂಬೆ ಒಣಗಿತು. ಮಂಗಟ್ಟೆಗಳು ಬಂದು, ಸುತ್ತು ಹೊಡೆದು, ಪೊಟರೆಗೆ ಹೋಗದೆ ಹಾರಿಹೋದವು.

ಮೋಹನದಾಸ ಅತ್ತದ್ದನ್ನು ನಾನು ನೋಡಿದ್ದೇನೆ. ಮೀಸೆ ಬಂದ ಗಂಡಸು ಹಕ್ಕಿಗಾಗಿ ಅತ್ತ ಎಂದು ಯಾರಾದರೂ ನಕ್ಕರೆ ಅವರಿಗೆ ನನ್ನ ಮನೆಯಲ್ಲಿ ಚಾ ಇಲ್ಲ.

ಸಮಿತಿಯಲ್ಲಿ ಅವನೇ ಮುಂದಾಗಿ ಒಂದು ನಿಯಮ ಮಾಡಿಸಿದ. ಇನ್ನು ಮುಂದೆ ಇಡೀ ಪದವಿಗೆ ಒಬ್ಬರೇ ತೊಗಟೆ ತೆಗೆಯುವುದು, ಅದೂ ಒಂದೇ ಬದಿಯಿಂದ, ಅಂಗೈಯಗಲ. ಸಮಿತಿಯ ಶೆಡ್ಡಿನಲ್ಲಿ ಎಲ್ಲರಿಗೂ ಒಟ್ಟಿಗೆ ಕಷಾಯ ಮಾಡುವುದು, ಜೊತೆಗೆ ಮೆಂತ್ಯ ಗಂಜಿ. ಹೊರಗಿನವರಿಗೆ ತೊಗಟೆ ಇಲ್ಲ ಎಂದು ದಾರಿಯಲ್ಲಿ ಬೋರ್ಡು.

"ತೆಗೆಯುವುದು ಯಾರು?" ಎಂಬ ಪ್ರಶ್ನೆಯೇ ಏಳಲಿಲ್ಲ. ಮೋಹನದಾಸನ ತಂದೆ ಚನಿಯಣ್ಣ ಇದ್ದರಲ್ಲ. ಹಿಂದೆ ಎಲ್ಲರ ಪರವಾಗಿ ಹೋಗುತ್ತಿದ್ದವರು ಅವರೇ. ಒಂದು ಕಾಲದಲ್ಲಿ ಸುತ್ತಲಿನ ತಾಳೆ, ತೆಂಗುಗಳನ್ನೆಲ್ಲ ಹತ್ತಿ ಕಳ್ಳಿಳಿಸಿದ ಮನುಷ್ಯ. ಮಂಡಿ ಸೋತು ಹತ್ತುವುದು ನಿಂತಮೇಲೆ ಜಗಲಿಯ ಮೂಲೆಗೆ ಸರಿದಿದ್ದರು. ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ಗುಣಪಾಲ ಶೆಟ್ಟರೇ ಮನೆಗೆ ಹೋಗಿ "ಚನಿಯಣ್ಣ, ಈ ಸಲ ಇಡೀ ಪದವಿಗೆ ನೀವೇ ತರಬೇಕು" ಎಂದಾಗ ಮುದುಕ ಎದ್ದು ನಿಂತುಬಿಟ್ಟರಂತೆ. ಮಾರನೆಯ ದಿನ ಕ್ಷೌರ ಮಾಡಿಸಿಕೊಂಡು, ಆಟಿಗೆ ಇನ್ನೂ ಎಷ್ಟೋ ದಿನವಿದ್ದರೂ, ನನ್ನ ಬೇಲಿಯ ಹತ್ತಿರ ನಿಂತು ಹೇಳಿದರು:

"ಬಾಯಮ್ಮ, ಈ ಸಲ ನೀವು ನನ್ನ ಕೈಯಿಂದ ಕುಡೀತೀರಿ."

ಅವರು ನಿಂತು ಮಾತಾಡಿದ್ದು ನನ್ನ ಕಡೆ ತಿರುಗಿ ಅಲ್ಲ, ಬೇಲಿಯ ಗೂಟದ ಕಡೆ ತಿರುಗಿ. ಮುದುಕರಿಗೆ ಸಂಭ್ರಮ ಎಂದುಕೊಂಡೆ.

ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಒಬ್ಬಳಿಗೇ, ಸೊಸೆ ಚಂಪಾಳಿಗೆ. ಮುಂದಿನದೆಲ್ಲ ನನಗೆ ಆಮೇಲೆ ಅವಳೇ ಹೇಳಿದ್ದು. ಗಂಡ ದಿನವಿಡೀ ಬಸ್ಸಿನಲ್ಲಿ, ರಜೆ ಸಿಕ್ಕಿದರೆ ಪದವಿನಲ್ಲಿ. ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಚಂಪಾಳ ಎದುರಿಗೆ ಮಾವನ ದಿನ ಕಳೆಯುತ್ತಿತ್ತು. ತಟ್ಟೆಯಲ್ಲಿ ಮೀನು ಎಲ್ಲಿದೆ ಎಂದು ಬೆರಳಿನಿಂದ ತಡಕುವುದು, ಬಾಗಿಲಿನ ಬದಲು ಗೋಡೆಗೆ ಹೋಗುವುದು, ಕರೆದವರ ದನಿ ಕೇಳಿದ ಮೇಲೆಯೇ ಹೆಸರು ಹೇಳುವುದು. ಎರಡೂ ಕಣ್ಣಲ್ಲಿ ಪೊರೆ ಬಲಿತಿತ್ತು. ಅವಳು ಕೇಳಿದಾಗ ಮುದುಕ ಅವಳ ಕೈ ಹಿಡಿದುಕೊಂಡರು.

"ಮೋಹನನಿಗೆ ಹೇಳಬೇಡ ಮಗಾ. ಅವನು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾನೆ. ನನ್ನ ಜೊತೆಯವನೊಬ್ಬ ಕಣ್ಣು ಕೊಯ್ಸಿಕೊಂಡು ಬಂದು ಇದ್ದ ಬೆಳಕೂ ಹೋಯ್ತು. ಈ ಆಟಿ ಒಂದು ಕಳೀಲಿ. ಆಮೇಲೆ ನೀನು ಹೇಳಿದ ಹಾಗೆ."

"ಮತ್ತೆ ಮರ ಹೇಗೆ ಹಿಡೀತೀರಿ ಮಾವ? ಅದರ ಕೆಳಗೆ ಕಾಸರಕ ಉಂಟಲ್ಲ."

ಇಳಿಜಾರಿನಲ್ಲಿ, ಹಾಲೆಯಿಂದ ಒಂದಿಷ್ಟು ಕೆಳಗೆ, ಅದೇ ಕಾಲುದಾರಿಯ ಮಗ್ಗುಲಲ್ಲಿ ಕಾಸರಕದ ಮರಗಳಿದ್ದವು. ಕಾಸರಕ ಎಂದರೆ ವಿಷ. ನಮ್ಮ ಕಡೆ ಆಟಿಯ ಕತ್ತಲಲ್ಲಿ ಮರ ತಪ್ಪಿ ಅದರ ತೊಗಟೆ ಕುಡಿದು ಸತ್ತವರ ಸುದ್ದಿ ಆಗಾಗ ಬರುತ್ತಿರುತ್ತದೆ. ಎರಡೂ ಕಹಿ, ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಾಲೆಗೆ ಗಾಯವಾದರೆ ಬೆಳ್ಳಗೆ ಹಾಲು ಬರುತ್ತದೆ, ಕಾಸರಕಕ್ಕೆ ಬರುವುದಿಲ್ಲ. ಆದರೆ ಜಡಿಮಳೆಯ ಕತ್ತಲಲ್ಲಿ ಯಾವ ಹಾಲು, ಯಾವ ನೀರು!

"ಬಿಳಿಯದ್ದು ಒಂದು ಚೂರು ಕಾಣ್ತದೆ ನನಗೆ, ಹತ್ತಿರ ಹೋದರೆ" ಎಂದರು ಚನಿಯಣ್ಣ. "ನೀನು ಹಿಂದಿನ ದಿನ ಹೋಗಿ ನನ್ನ ಹಳೇ ಮುಂಡು ಹರಿದು ಕಟ್ಟಿ ಬಾ. ಅಷ್ಟು ಸಾಕು."

ಅವಳು ಒಪ್ಪಿದಳು. ಗಂಡನಿಗೆ ಹೇಳುವ ಮನಸ್ಸು ಎಷ್ಟೋ ಸಲ ಬಾಯಿತನಕ ಬಂತಂತೆ. ಆದರೆ ಆ ಮುದುಕ ಆಟಿಯ ದಾರಿ ಕಾಯುತ್ತಿದ್ದ ಮುಖ ನೋಡಿದರೆ ಮಾತು ಒಳಗೇ ಉಳಿಯುತ್ತಿತ್ತು. ಅವಳನ್ನು ನಾನು ದೂರುವುದಿಲ್ಲ. ಆ ಮುಖವನ್ನು ನಾನೂ ನೋಡಿದ್ದೆ.

ಅಮಾವಾಸ್ಯೆಯ ಹಿಂದಿನ ಸಂಜೆ ಮಳೆ ತುಸು ಬಿಟ್ಟಾಗ ಚಂಪಾ ಬೀಡಿ ಎಲೆ ತುಂಬಿದ ತಡ್ಪೆ ಬದಿಗಿಟ್ಟು ಪದವಿಗೆ ಹೋದಳು. ಹಾಲೆಯ ಬುಡಕ್ಕೆ, ಮಾವನ ಎದೆಯೆತ್ತರಕ್ಕೆ, ಮುಂಡಿನ ಅಗಲ ಪಟ್ಟಿ ಕಟ್ಟಿ ಗಂಟು ಬಿಗಿದಳು. ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದಳು. ಚೆನ್ನಾಗಿಯೇ ಕಾಣುತ್ತಿತ್ತು. ನಿಶ್ಚಿಂತೆಯಿಂದ ಮನೆಗೆ ಬಂದಳು.

ಅದೇ ಸಂಜೆ, ಬೆಳಕು ಇನ್ನೇನು ಆರುತ್ತದೆ ಎನ್ನುವಾಗ, ಮೋಹನದಾಸ ಡ್ಯೂಟಿ ಮುಗಿಸಿ ಮನೆಗೂ ಹೋಗದೆ ನೇರ ಮರದ ಹತ್ತಿರ ಬಂದ. ಬುಡದಲ್ಲಿ ಬಿಳಿ ಬಟ್ಟೆ! ಅವನಿಗೆ ತಲೆಗೆ ರಕ್ತ ನುಗ್ಗಿತು. ಹೊರಗಿನವರು ಬೋರ್ಡು ನೋಡಿಯೂ ಬಂದು ಗುರುತು ಕಟ್ಟಿ ಹೋಗಿದ್ದಾರೆ ಎಂದುಕೊಂಡ. ಅಪ್ಪ ಕಟ್ಟಿದ್ದಿರಬಹುದೆಂದು ಅವನಿಗೆ ಹೊಳೆಯಲಿಲ್ಲ, ಹೊಳೆಯುವಂತೆಯೂ ಇರಲಿಲ್ಲ. ಚನಿಯಣ್ಣ ಜೀವಮಾನದಲ್ಲಿ ಮರಕ್ಕೆ ಬಟ್ಟೆ ಕಟ್ಟಿದವರಲ್ಲ. ತಮ್ಮ ಮನೆಯ ಬಾಗಿಲಿಗೆ ಯಾರಾದರೂ ಗುರುತು ಕಟ್ಟಿಕೊಳ್ಳುತ್ತಾರೆಯೇ?

ಬಿಚ್ಚಿ ಬಿಸಾಡಿದ್ದರೆ ಈ ಕತೆ ಇಲ್ಲ. ಬಿಚ್ಚಿದರೆ ಬಂದವರು ಹುಡುಕಿ ಹೇಗೂ ಹಾಲೆಯನ್ನೇ ಹಿಡಿಯುತ್ತಾರೆ, ಬೇರೆ ಮರಕ್ಕೆ ಕಟ್ಟಿದರೆ ಮೋಸ ಹೋಗುತ್ತಾರೆ ಎಂದು ಅವನ ಬುದ್ಧಿ ಓಡಿತು. ಗಂಟು ಬಿಚ್ಚಿ, ಕಾಲುದಾರಿಯಲ್ಲಿ ಕೆಳಗಿಳಿದು, ಅಷ್ಟೇ ದಪ್ಪದ ಒಂದು ಮರಕ್ಕೆ ಅಷ್ಟೇ ಎತ್ತರಕ್ಕೆ ಕಟ್ಟಿದ. ಮಳೆ ಮತ್ತೆ ಹೊಯ್ಯತೊಡಗಿತು. ಅಪ್ಪ ಆಗಲೇ ಮಲಗಿದ್ದರು. ಊಟಕ್ಕೆ ಕೂತವನು ಚಂಪಾಳಿಗೆ ಏನೂ ಹೇಳಲಿಲ್ಲ, ಅವಳೂ ಅವನಿಗೆ ಏನೂ ಹೇಳಲಿಲ್ಲ.

ಬೆಳಿಗ್ಗೆ ಸಮಿತಿಯ ತಗಡಿನ ಶೆಡ್ಡಿನಲ್ಲಿ ನಾವೆಲ್ಲ ಸೇರಿದ್ದೆವು. ಮಕ್ಕಳು, ಮುದುಕರು, ಎದೆಹಾಲಿನ ಕೂಸು ಎತ್ತಿಕೊಂಡ ಬಾಣಂತಿಯರು ಕೂಡ. ಹೊರಗೆ ಮಳೆ ತಗಡನ್ನು ಒಡೆಯುವ ಹಾಗೆ ಬೀಳುತ್ತಿತ್ತು. ಒಂದು ಕಡೆ ಗಂಜಿ ಬೇಯುತ್ತಿತ್ತು. ಇನ್ನೊಂದು ಒಲೆಯಲ್ಲಿ ಕಷಾಯಕ್ಕೆ ಹಾಕುವ ಬಿಳಿಕಲ್ಲುಗಳು ಕೆಂಪಗೆ ಕಾಯುತ್ತಿದ್ದವು. ಕಡೆಯುವ ಕಲ್ಲಿನ ಮುಂದೆ ಚಂಪಾ ಬೆಳ್ಳುಳ್ಳಿ, ಓಮ, ಕರಿಮೆಣಸು ಜೋಡಿಸಿಕೊಂಡು ಕೂತಿದ್ದಳು. ಸೊಂಟಕ್ಕೆ ಒದ್ದೆ ಬೈರಾಸು ಸುತ್ತಿಕೊಂಡು, ಎದೆಗವಚಿದ ತೊಗಟೆಯೊಂದಿಗೆ ಚನಿಯಣ್ಣ ಒಳಗೆ ಬಂದಾಗ ಎಲ್ಲರೂ ಎದ್ದು ದಾರಿ ಬಿಟ್ಟರು. ಗುಣಪಾಲ ಶೆಟ್ಟರು ತಾವು ಕೂತಿದ್ದ ಬೆಂಚಿನಲ್ಲೇ ಜಾಗ ಕೊಟ್ಟರು. ಅಂಥ ಮರ್ಯಾದೆ ಆ ಮನುಷ್ಯ ಅದುವರೆಗೆ ಕಂಡಿರಲಿಲ್ಲ.

ಚಂಪಾ ತೊಗಟೆ ಜಜ್ಜಿ ಕಡೆದು, ಮೊದಲ ರಸವನ್ನು ಬಟ್ಟೆಯಲ್ಲಿ ಹಿಂಡಿದಳು. ಹಿಂಡಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಒಂದಕ್ಕೊಂದು ಉಜ್ಜಿದಳು. ಹಾಲೆ ಕಡೆದ ಕೈ ಅಂಟಂಟಾಗಬೇಕು, ಕಲ್ಲಿನ ಮೇಲೆ ಬಿಳಿಯ ಪಸೆ ನಿಲ್ಲಬೇಕು. ಏನೂ ಇರಲಿಲ್ಲ. ನಾನು ಅವಳ ಪಕ್ಕದಲ್ಲೇ ಇದ್ದೆ, ಅವಳ ಮುಖದ ಬಣ್ಣ ಇಳಿದದ್ದು ಕಂಡಿತು.

"ಮಾವ" ಎಂದಳು ಮೆಲ್ಲಗೆ. "ಇದು ಹಾಲೆ ಅಲ್ಲ."

"ಎಂತ?"

"ಇದರಲ್ಲಿ ಹಾಲಿಲ್ಲ. ಯಾರೂ ಕುಡೀಬೇಡಿ!" ಈಗ ಅವಳು ಕೂಗಿಯೇ ಹೇಳಿದಳು.

ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ಗುಣಪಾಲ ಶೆಟ್ಟರಿಗೆ ಮುಜುಗರ. "ಸುಮ್ಮನಿರು ಮಾರಾಯ್ತಿ. ಮಳೆಗೆ ಹಾಲು ತೊಳೆದು ಹೋಗಿರ್ತದೆ. ಚನಿಯಣ್ಣ ಎಷ್ಟು ವರ್ಷದಿಂದ ತರ್ತಾ ಇದ್ದಾರೆ, ನಿನ್ನೆ ಮೊನ್ನೆ ಬಂದವಳು ನೀನು ಹೇಳುವುದಾ?"

ಯಾರೋ ಒಬ್ಬಾಕೆ ಲೋಟ ಮುಂದೆ ಹಿಡಿದಳು, ಅವಳ ಸೊಂಟದಲ್ಲಿ ಮಗು. ಚಂಪಾ ಆ ಲೋಟವನ್ನು ಕೈಯಿಂದ ಸರಿಸಿ ಎದ್ದು ನಿಂತಳು.

"ಮಾವನಿಗೆ ಕಣ್ಣು ಕಾಣುವುದಿಲ್ಲ" ಎಂದಳು. "ವರ್ಷವಾಯ್ತು. ನನಗೆ ಗೊತ್ತುಂಟು."

ಹಾಗೆ ಹೇಳದೆ ಅವಳಿಗೆ ಬೇರೆ ದಾರಿ ಇರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಚನಿಯಣ್ಣ ಬೆಂಚಿನಿಂದ ಎದ್ದರು.

"ಕಾಣುವುದಿಲ್ಲವಾ? ನಿನ್ನ ಕೈಯಿಂದಲೇ ಕಟ್ಟಿಸಿದ ಬಟ್ಟೆ ನನಗೆ ಕಾಣುವುದಿಲ್ಲವಾ? ಬಿಳಿ ಬಟ್ಟೆ ಕಟ್ಟಿದ ಮರದಿಂದಲೇ ನಾನು ತೆಗೆದದ್ದು. ಇಷ್ಟು ಜನರ ಎದುರು ನನ್ನನ್ನು ಕುರುಡ ಮಾಡ್ತೀಯಾ?"

ಕಂಬಕ್ಕೊರಗಿ ನಿಂತಿದ್ದ ಮೋಹನದಾಸನ ಮುಖ ನಾನು ಆಗ ನೋಡಿದೆ. ಬಾಯಿ ತೆರೆದಿತ್ತು. ಬಟ್ಟೆ ಎಂಬ ಮಾತು ಕೇಳಿದ್ದೇ ಅವನಿಗೆ ಎಲ್ಲ ತಿಳಿದುಹೋಗಿತ್ತು. ಹೋಗಿ ಕೈ ಹಿಡಿಯುವಷ್ಟು ಹೊತ್ತಿತ್ತೋ ಇಲ್ಲವೋ, ಇಂದಿಗೂ ನನಗೆ ಹೇಳಲಾಗುವುದಿಲ್ಲ. "ಅಪ್ಪ" ಎಂದದ್ದಂತೂ ಕೇಳಿಸಿತು. ಅಷ್ಟರಲ್ಲಿ ಮುದುಕ ಬಗ್ಗಿ, ಚಂಪಾ ಹಿಂಡಿಟ್ಟ ರಸದ ಪಾತ್ರೆಯನ್ನು ತಡಕಿ ಹಿಡಿದು, ಎಲ್ಲರ ಎದುರು ಗಟಗಟನೆ ಕುಡಿದು ಕೆಳಗಿಟ್ಟರು.

"ನೋಡಿ" ಎಂದರು, ಕೈಯಿಂದ ಬಾಯಿ ಒರೆಸಿಕೊಳ್ಳುತ್ತ. "ಇನ್ನು ಕೊಡು ಎಲ್ಲರಿಗೂ."

ಯಾರೂ ಕುಡಿಯಲಿಲ್ಲ. ಗಂಜಿ ಬೇಯುವ ಮೊದಲೇ ಚನಿಯಣ್ಣನ ದವಡೆ ಕಚ್ಚಿಕೊಂಡಿತು. ಮೈ ಬಿಲ್ಲಿನ ಹಾಗೆ ಸೆಟೆಯಿತು, ಯಾರಾದರೂ ಮುಟ್ಟಿದರೆ ಇನ್ನೂ ಸೆಟೆಯುತ್ತಿತ್ತು. ಟ್ಯಾಕ್ಸಿ ಓಡಿಸುತ್ತಿದ್ದ ಕುದ್ರೋಳಿಯ ಶುಕೂರ್ ಆ ಮಳೆಯಲ್ಲಿ ಹಾರ್ನ್ ಒತ್ತಿ ಹಿಡಿದೇ ಪೇಟೆಯತ್ತ ಹಾರಿಸಿದ. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಎಲ್ಲ ಮುಗಿದಿತ್ತು. ದಾರಿಯುದ್ದಕ್ಕೂ ಚಂಪಾ ಮಾವನ ತಲೆಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಅವರಿಗೆ ಕೊನೆಯವರೆಗೆ ಎಚ್ಚರವಿತ್ತಂತೆ. ದೇವರೇ, ಅದೊಂದು ಇರಬಾರದಿತ್ತು.

ಪೊಲೀಸರು ಬಂದು ಕೇಳಿದರು. ಮುದುಕನಿಗೆ ಕಣ್ಣು ಕಾಣದೆ ಮರ ತಪ್ಪಿದೆ ಎಂದು ಬರೆದುಕೊಂಡರು. ಊರೂ ಅದನ್ನೇ ಹೇಳಿತು. ಹೇಳುವಾಗ ದನಿಯಲ್ಲಿ ಕನಿಕರವಿತ್ತು, ಅದರ ಕೆಳಗೆ ಸಿಟ್ಟೂ ಇತ್ತು. ಕುರುಡ ಮುದುಕ ತನ್ನ ಹಟಕ್ಕೆ ಇಡೀ ಪದವಿನವರನ್ನೇ ಮುಗಿಸುತ್ತಿದ್ದನಲ್ಲ, ಸೊಸೆ ಇಲ್ಲದಿದ್ದರೆ ನಮ್ಮ ಮಕ್ಕಳ ಗತಿ ಏನು ಎಂದು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಕೂತವರೇ ಮಾತಾಡಿಕೊಂಡರು. ಅನ್ನ ಬಡಿಸುತ್ತಿದ್ದ ಚಂಪಾಳ ಕಿವಿಗೂ ಅದು ಬಿತ್ತು.

ಅದರ ಮರುದಿನ ಅವಳು ನನ್ನನ್ನು ಕರೆದುಕೊಂಡು ಪದವಿಗೆ ಹೋದಳು. ಹಾಲೆಯ ಬುಡದಲ್ಲಿ ಬಟ್ಟೆ ಇರಲಿಲ್ಲ. ಕೆಳಗೆ ಕಾಸರಕದ ಬುಡದಲ್ಲಿ ಮಳೆಗೆ ಕೆಸರು ಸಿಡಿದ ಬಿಳಿ ಪಟ್ಟಿ. ಅದರ ಕೆಳಗೆ ಕಲ್ಲಿನಿಂದ ಜಜ್ಜಿದ ಗಾಯ, ಅಂಗೈಯಗಲ. ಸಮಿತಿ ಹೇಳಿದಷ್ಟೇ, ಒಂದಿಷ್ಟೂ ಹೆಚ್ಚಿಲ್ಲ.

"ಮಾವ ತಪ್ಪಲಿಲ್ಲ ಬಾಯಮ್ಮ" ಎಂದಳು. "ಯಾರೋ ಇದನ್ನು ಬದಲಾಯಿಸಿದ್ದಾರೆ."

ಹಿಂದೆ ಹುಲ್ಲಿನ ಸದ್ದಾಯಿತು. ತಲೆ ಬೋಳಿಸಿದ ಮೋಹನದಾಸ ನಿಂತಿದ್ದ. ಆ ಬಟ್ಟೆ ತೆಗೆಯಲೆಂದೇ ಬಂದಿದ್ದನೋ ಏನೋ. ಅವನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಎಲ್ಲ ಹೇಳಿದ. "ನೀನು ಕಟ್ಟಿದ್ದೂಂತ ನನಗೆ ಗೊತ್ತಿಲ್ಲ ಚಂಪಾ. ಅಪ್ಪನಿಗೆ ಕಾಣುವುದಿಲ್ಲ ಅಂತಲೂ ಗೊತ್ತಿಲ್ಲ. ಹೊರಗಿನವರದ್ದು ಅಂತ ತಿಳ್ಕೊಂಡೆ. ಇದು ಕಾಸರಕ ಅಂತ ನಾನು ನೋಡಲೂ ಇಲ್ಲ, ದೇವರಾಣೆಗೂ."

ಚಂಪಾ ಅಳಲಿಲ್ಲ.

"ಹೊರಗಿನವರು ಬಂದು ತೆಗೆದಿದ್ದರೆ, ಅವರ ಮನೆಯಲ್ಲಿ ಮಕ್ಕಳು ಕುಡೀತಿರಲಿಲ್ಲವಾ?" ಎಂದು ಕೇಳಿದಳು.

ಆ ಮರವನ್ನು ಅವನಷ್ಟೇ ನಾನೂ ಪ್ರೀತಿಸಿದವಳು. ಹೊರಗಿನವರ ಹೊಟ್ಟೆಗೆ ಏನು ಹೋಗುತ್ತದೆ ಎಂದು ನಾವು ಯಾವ ಮೀಟಿಂಗಿನಲ್ಲೂ ಕೇಳಿಕೊಂಡಿರಲಿಲ್ಲ.

ಚಂಪಾಳ ಒತ್ತಾಯಕ್ಕೆ ಅವನು ಸಮಿತಿಯ ಮುಂದೆ ನಿಂತು ಹೇಳಿದ, ಅದನ್ನು ಒಪ್ಪಬೇಕು. ಅಪ್ಪ ಮರ ತಪ್ಪಲಿಲ್ಲ, ಬಟ್ಟೆ ಬದಲಾಯಿಸಿದ್ದು ನಾನು ಎಂದ. ಯಾರೂ ಅವನ ಮುಖ ನೋಡಲಿಲ್ಲ. ಗುಣಪಾಲ ಶೆಟ್ಟರು ಎದ್ದು ಬಾಗಿಲು ಎಳೆದುಕೊಂಡರು.

"ಈ ಮಾತು ಇಲ್ಲಿಗೇ ಬಿಡು ಮೋಹನ. ಹೊರಗೆ ಹೋದರೆ ನಿನಗೆ ಜೈಲು, ಸಮಿತಿಯ ಹೆಸರೂ ಹಾಳು. ಮತ್ತೆ ಆ ಕಂತ್ರಾಟುದಾರ ಲಾರಿ ತರ್ತಾನೆ, ತಡೀಲಿಕ್ಕೆ ಯಾವ ಬಾಯಿಂದ ಹೋಗುವುದು? ಹೋದವರು ಹೋದರು. ಇರುವವರದ್ದು ನೋಡು ಮಾರಾಯ."

ಮೋಹನದಾಸ ಕೂತುಕೊಂಡ. ಕೂತುಕೊಂಡದ್ದನ್ನು ಮಾತ್ರ ಚಂಪಾ ಕ್ಷಮಿಸಲಿಲ್ಲ. ಒಂದೇ ಮನೆಯಲ್ಲಿದ್ದೂ ಅಡುಗೆ, ಊಟ, ಬೀಡಿಯ ಲೆಕ್ಕ ಬಿಟ್ಟು ಅವರೊಳಗೆ ಬೇರೆ ಮಾತಿರಲಿಲ್ಲ. ಸಮಿತಿಯವರು ಹಾಲೆಯ ಹತ್ತಿರ ಹೊಸ ಬೋರ್ಡು ಹಾಕಿದರು: ಚನಿಯ ಪೂಜಾರಿಯವರ ನೆನಪಿಗಾಗಿ, ಈ ಮರವನ್ನು ಯಾರೂ ಮುಟ್ಟಬಾರದು. ಮುದುಕನ ಕುರುಡುತನವೇ ಕಾರಣವೆಂದು ತೀರ್ಮಾನಿಸಿ, ಅವರ ಹೆಸರಿನಲ್ಲೇ ಕಾವಲು! ನಾನು ಆ ದಿನದಿಂದ ಸಮಿತಿಯ ಮೀಟಿಂಗಿಗೆ ಹೋಗುವುದು ಬಿಟ್ಟೆ.

ಹೆದರಿಕೆಯಿಂದ ಯಾರೂ ಮುಟ್ಟದ ಮರ ಚಿಗುರಿತು, ಅದೂ ನಿಜ. ಬೋಳಾದ ಬುಡಕ್ಕೆ ಅಂಚಿನಿಂದ ಹೊಸ ತೊಗಟೆ ಹಬ್ಬತೊಡಗಿತು. ಬೇಸಿಗೆಯಲ್ಲಿ ಮಂಗಟ್ಟೆಗಳು ಮರಳಿ ಬಂದು ಪೊಟರೆ ಸೇರಿದವು. ಮೋಹನದಾಸ ನೋಡಲು ಬರಲಿಲ್ಲ. ನಾನೂ ಚಂಪಾಳೂ ಒಂದು ಸಂಜೆ ಹೋದೆವು. ಗಂಡುಹಕ್ಕಿ ಇಳಿಜಾರಿನ ಕಾಸರಕದಿಂದ ಕಿತ್ತಳೆ ಬಣ್ಣದ ಹಣ್ಣು ಕಚ್ಚಿ ತಂದು ಹಾಲೆಯ ಸಂದಿಯೊಳಗೆ ದಾಟಿಸಿತು. ನಮಗೆ ವಿಷವಾದದ್ದು ಅದಕ್ಕೆ ಏನೂ ಅಲ್ಲ. ಚಂಪಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅದುವರೆಗೆ ಅಳದಿದ್ದದ್ದನ್ನೆಲ್ಲ ಅಂದು ಅತ್ತಳು.

ಮತ್ತೆ ಆಟಿ ಬಂತು. ಅಮಾವಾಸ್ಯೆಯ ಬೆಳಿಗ್ಗೆ ಇನ್ನೂ ಮಬ್ಬಿರುವಾಗ ಬೇಲಿಯ ಹತ್ತಿರ ಅವಳ ದನಿ ಕೇಳಿ ಎದ್ದು ಹೋದೆ. ತಲೆಗೆ ಮಳೆ ತಡೆಯುವ ಗೊರಬೆ, ಕೈಯಲ್ಲಿ ಮಾವ ತೊಗಟೆ ಜಜ್ಜುತ್ತಿದ್ದ ಕಲ್ಲು. "ಬೋರ್ಡು ನೋಡಿ ಹೆದರಿ ಯಾರಾದರೂ ಕೆಳಗಿನ ಮರಕ್ಕೆ ಹೋದರೆ?" ಎಂದಳು. ನಾನು ಕೊಡೆ ತೆಗೆದುಕೊಂಡು ಅವಳ ಹಿಂದೆ ನಡೆದೆ. ಹೆಂಗಸರು ತೊಗಟೆ ತೆಗೆಯುವ ಕ್ರಮವಿಲ್ಲ ಎಂದು ಅವಳಿಗೆ ನೆನಪಿಸುವಷ್ಟು ದಡ್ಡಿ ನಾನಲ್ಲ.

ಬಂದರು. ಮೂರ್ನಾಲ್ಕು ಮಂದಿ ಗಂಡಸರು, ಪೇಟೆಯ ಕಡೆಯವರು, ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು. ಮರದಡಿ ಇಬ್ಬರು ಹೆಂಗಸರನ್ನು ಕಂಡು ಓಡಲು ತಿರುಗಿದರು.

"ಓಡಬೇಡಿ" ಎಂದಳು ಚಂಪಾ. "ಇದು ಹಾಲೆ. ಬನ್ನಿ, ನಾನೇ ತೆಗೆದು ಕೊಡ್ತೇನೆ. ಕೆಳಗಿನದ್ದು ಮಾತ್ರ ಮುಟ್ಟಬೇಡಿ, ಅದು ಕಾಸರಕ."

ಅವಳು ಕಲ್ಲಿನಿಂದ ಜಜ್ಜಿದಳು. ಒಂದು ವರ್ಷ ಕಷ್ಟಪಟ್ಟು ಹಬ್ಬಿದ ತೊಗಟೆಗೆ ಏಟು ಬೀಳುವಾಗ ನನ್ನ ಜೀವ ಹಿಂಡಿತು. ಮೇಲಿನ ಪೊಟರೆಯನ್ನು ನೋಡದಿರಲು ಪ್ರಯತ್ನಿಸಿದೆ. ಆಗಲೇ ಕಾಲುದಾರಿಯಲ್ಲಿ ಟಾರ್ಚಿನ ಬೆಳಕು ಕಂಡಿತು. ಮೋಹನದಾಸ. ಸಮಿತಿಯ ಕಾರ್ಯದರ್ಶಿ, ಕಾವಲಿಗೆ ಬಂದವನು. ಬಂದವರು ಮತ್ತೆ ಬೆದರಿದರು. ಅವನು ಹೆಂಡತಿಯ ಕೈಯ ಕಲ್ಲನ್ನು ನೋಡಿದ, ಅವರ ಕೈಯ ತೊಗಟೆಯನ್ನು ನೋಡಿದ.

"ಕಳೆದ ವರ್ಷ ಇಲ್ಲಿ ಒಬ್ಬರು ಸತ್ತರಂತೆ, ಮರ ತಪ್ಪಿ" ಎಂದ ಅವರಲ್ಲೊಬ್ಬ, ಮಾತಿಗೆ ಮಾತು ಬೇಕೆಂದು. "ಕಣ್ಣು ಕಾಣದ ಮುದುಕ ಅಂತ ಹೇಳ್ತಾರೆ."

"ಅವರು ತಪ್ಪಲಿಲ್ಲ" ಎಂದ ಮೋಹನದಾಸ. "ಅವರು ನನ್ನ ಅಪ್ಪ. ಗುರುತಿನ ಬಟ್ಟೆಯನ್ನು ಕಾಸರಕಕ್ಕೆ ಕಟ್ಟಿದ್ದು ನಾನು. ಅವರಿಗೆ ಅಂತ ಕಟ್ಟಿದ್ದಲ್ಲ. ನಿಮಗೆ ಅಂತ ಕಟ್ಟಿದ್ದು."

ಆ ಗಂಡಸರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. ಆದರೆ ಕೈಯಲ್ಲಿದ್ದ ತೊಗಟೆಯನ್ನು ಎಲ್ಲರೂ ಒಮ್ಮೆಲೇ ಮೈಯಿಂದ ದೂರ ಹಿಡಿದರು. ಒಬ್ಬನಂತೂ ಕೆಳಗೆ ಹಾಕಿಯೇಬಿಟ್ಟ.

"ಅಕ್ಕ, ಇದು ಹಾಲೆಯೇ ಅಲ್ವಾ?" ಎಂದು ಕೇಳಿದ.

ಚಂಪಾ ಬಗ್ಗಿ ಅದನ್ನು ಹೆಕ್ಕಿಕೊಂಡಳು. ಮುರಿದ ಅಂಚಿನಲ್ಲಿ ಬೆಳ್ಳಗೆ ಹಾಲು ಒಸರಿತ್ತು. ಮೋಹನದಾಸ ಹತ್ತಿರ ಬಂದು, ಮಳೆಹನಿ ಅದರ ಮೇಲೆ ಬೀಳದ ಹಾಗೆ ತನ್ನ ಅಂಗೈ ಅಡ್ಡ ಹಿಡಿದು, ಟಾರ್ಚಿನ ಬೆಳಕು ಬಿಟ್ಟ. ಅವಳು ಆ ಹಾಲನ್ನು ಬೆರಳಿನಿಂದ ತೆಗೆದು, ಅವರೆಲ್ಲರೂ ನೋಡುತ್ತಿರುವಂತೆ, ಮೊದಲು ತಾನು ನೆಕ್ಕಿದಳು.